ಕೂದಲಕ್ಕನ ಎಡಗೈ

ಬೆಳಿಗ್ಗೆ ಆರು ಗಂಟೆ. ಕೆಳಗಿನ ಅಂಗಡಿಗಳ ಶಟರ್ ಇನ್ನೂ ಎದ್ದಿಲ್ಲ. ಹಾಲಿನ ವ್ಯಾನು ಬೀದಿಯ ತಿರುವಿನಲ್ಲಿ ಗೊರಗೊರ ಎನ್ನುತ್ತಾ ನಿಂತಿದೆ. ಮೂರನೇ ಮಹಡಿಯ ಉದ್ದನೆಯ ಕೋಣೆಯಲ್ಲಿ ಮಾತ್ರ ಕಂಪ್ಯೂಟರುಗಳು ಸಾಲಾಗಿ ಬೆಳಗುತ್ತಿವೆ. ಗೋಡೆಗೆಲ್ಲ ಬೂದು ಬಣ್ಣ, ಕಿಟಕಿಗಳಿಗೆ ದಪ್ಪ ಬಟ್ಟೆ. ಹೊರಗಿನ ಬೆಳಕು ನುಸುಳಿದರೆ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ ಎಂದು ಈ ಏರ್ಪಾಡು. ಕೊನೆಯ ಸಾಲಿನಲ್ಲಿ, ಗೋಡೆಗೆ ಒತ್ತಿಕೊಂಡಿರುವ ಕುರ್ಚಿಯಲ್ಲಿ ಕೂತ ಹೆಂಗಸು ಒಂದು ಗೊಂಬೆಯ ಗುಂಗುರು ಕೂದಲನ್ನು ಎಳೆ ಎಳೆಯಾಗಿ ಬಿಡಿಸುತ್ತಿದ್ದಾರೆ. ಕೈಯಲ್ಲಿರುವುದು ಬಾಚಣಿಗೆಯಲ್ಲ, ಮೌಸು.

ಅದೂ ಎಡಗೈಯಲ್ಲಿ. ಬಲಗೈ ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು ಮಡಿಲಲ್ಲಿ ಸುಮ್ಮನೆ ಬಿದ್ದುಕೊಂಡಿದೆ. ಅವರು ಒತ್ತುವಾಗಲೆಲ್ಲ ತಲೆ ಒಂದಿಷ್ಟು ವಾಲಿಸಿ ಕಿವಿಗೊಡುತ್ತಾರೆ. ಏನು ಕೇಳಿಸಿಕೊಳ್ಳುತ್ತಿದ್ದೀರಿ ಎಂದರೆ ನಗುತ್ತಾರೆ. "ಒಂದು ಸಲ ಒತ್ತಿದ್ರೆ ಒಂದೇ ಸಲ ಟಕ್ ಅನ್ನುತ್ತಾ ಅಂತ ನೋಡ್ತೀನಿ ಸಾರ್. ಒಂದ್ಸಲ ಬೆಂಕಿ ಮುಟ್ಟಿದೋರು ದೀಪ ಕಂಡ್ರೂ ಹಿಂದೆ ಸರೀತಾರಲ್ಲ, ಹಂಗೆ ಆಗ್ಬಿಟ್ಟಿದೆ."

ನೀವು ಫೋನಿನಲ್ಲಿ ಬ್ರಷ್ಷನ್ನೋ ಗೊಂಬೆಯನ್ನೋ ಚಾದರವನ್ನೋ ನೋಡಿ ಮೆಚ್ಚಿ 'ಕೊಳ್ಳಿ' ಎಂಬ ಗುಂಡಿ ಒತ್ತುತ್ತೀರಲ್ಲ, ಆ ಸಾಮಾನು ಹಾಲಿನಂಥ ಬಿಳುಪಿನ ಮೇಲೆ ತಾನೇ ತಾನಾಗಿ ತೇಲುತ್ತಿರುತ್ತದಲ್ಲ, ಅದು ಹಾಗೆ ಹುಟ್ಟಿದ್ದಲ್ಲ. ಯಾರದೋ ಗೋದಾಮಿನ ಮೇಜಿನ ಮೇಲೆ, ಹಿಂದೆ ಕುರ್ಚಿಯ ಕಾಲು, ಪಕ್ಕದಲ್ಲಿ ಟೀ ಕಪ್ಪು, ಮೂಲೆಯಲ್ಲಿ ಯಾರದೋ ಹೆಬ್ಬೆರಳು, ಇಷ್ಟರ ನಡುವೆ ತೆಗೆದ ಫೋಟೋ ಅದು. ಸುತ್ತಲಿನ ಕಸವನ್ನೆಲ್ಲ ಕತ್ತರಿಸಿ ತೆಗೆದು ಸಾಮಾನನ್ನು ಮಾತ್ರ ಉಳಿಸುವುದು ಈ ಕೋಣೆಯವರ ಕೆಲಸ. ಸಾಮಾನಿನ ಅಂಚಿನುದ್ದಕ್ಕೂ ಮೌಸ್ ಒತ್ತಿ ಒತ್ತಿ ಚುಕ್ಕಿ ಇಡುತ್ತಾರೆ, ಚುಕ್ಕಿ ಸೇರಿ ಗೆರೆಯಾಗುತ್ತದೆ, ಗೆರೆಯ ಹೊರಗಿನದು ಅಳಿಸಿಹೋಗುತ್ತದೆ. ಡಬ್ಬಿ, ಪುಸ್ತಕ, ಫೋನ್ ಕವರ್ ಆದರೆ ಯಾರು ಬೇಕಾದರೂ ಮಾಡಿಯಾರು. ಕೂದಲು, ತುಪ್ಪಳ, ಉಣ್ಣೆ ಬಂದರೆ ಎಳೆ ಎಳೆಗೂ ಚುಕ್ಕಿ ಇಡಬೇಕು. ಅದಕ್ಕೆಂದೇ ಬೇರೆ ಮೇಜು ಇದೆ. ಆ ಮೇಜಿನ ಹಿರಿಯಕ್ಕ ಇವರು. ಕೋಣೆಯವರೆಲ್ಲ ಕರೆಯುವುದು 'ಕೂದಲಕ್ಕ' ಎಂದೇ. ನಾನೂ ಹಾಗೇ ಕರೆಯುತ್ತೇನೆ.

ಈ ಪುಟಕ್ಕೆ ಬರೆಯುವಾಗ ನಮ್ಮ ಪುರವಣಿಯವರು ಒಂದು ಮಾತು ಹೇಳಿ ಕಳಿಸುತ್ತಾರೆ: ಕಷ್ಟ ಇರಲಿ, ಕೊನೆಯಲ್ಲಿ ಒಂಚೂರು ಬೆಳಕು ಬರಲಿ, ಭಾನುವಾರ ಬೆಳಿಗ್ಗೆ ಓದುವವರ ಬಾಯಿ ಕಹಿಯಾಗಬಾರದು. ಕೂದಲಕ್ಕನ ಜೊತೆ ನಾಲ್ಕು ದಿನ ಕೂತು ಎದ್ದು ಬಂದ ಮೇಲೆ ನನ್ನ ಬಾಯಿಯೇ ಕಹಿಯಾಗಿದೆ. ಸಕ್ಕರೆ ಎಲ್ಲಿಂದ ತರಲಿ?

ಇವರು ಈ ಕೆಲಸಕ್ಕೆ ಬಂದದ್ದು ಫೋಟೋ ಸ್ಟುಡಿಯೋ ಒಂದರಿಂದ. ಮದುವೆಗೆ ಮುಂಚೆ ಅಲ್ಲಿ ಸಣ್ಣ ಕುಂಚ ಹಿಡಿದು ಜನರ ಮುಖದ ಮೇಲಿನ ಮೊಡವೆ, ಕಲೆಗಳನ್ನು ಮುಚ್ಚುತ್ತಿದ್ದರು. ಸ್ಟುಡಿಯೋ ಮುಚ್ಚಿತು, ಕುಂಚ ಹೋಗಿ ಮೌಸ್ ಬಂತು. "ಮುಖದಿಂದ ಸಾಮಾನಿಗೆ ಬಂದೆ ಅಷ್ಟೆ. ಸಾಮಾನಾದ್ರೆ ನನ್ನ ಮೂಗು ಯಾಕೆ ಹಿಂಗ್ ಮಾಡಿದ್ರಿ ಅಂತ ಜಗಳಕ್ಕೆ ಬರಲ್ಲ," ಎನ್ನುತ್ತಾರೆ. ದಿನಕ್ಕೆ ಕೂದಲಿನದಾದರೆ ನಲವತ್ತು ಚಿತ್ರ, ಉಳಿದದ್ದಾದರೆ ಇನ್ನೂರರ ಹತ್ತಿರ. ಒಂದೊಂದಕ್ಕೂ ನೂರಾರು ಸಲ ಬೆರಳು ಒತ್ತಬೇಕು. ಹೀಗೆ ವರ್ಷಗಟ್ಟಲೆ ಒತ್ತಿ ಒತ್ತಿ ಬಲಗೈ ಮಣಿಕಟ್ಟಿನ ನರ ಕೈಕೊಟ್ಟಿತು. ಮೊದಲು ಬೆರಳು ಜೋಮು ಹಿಡಿಯಿತು, ಆಮೇಲೆ ಲೋಟ ಜಾರತೊಡಗಿತು. ಶಸ್ತ್ರಚಿಕಿತ್ಸೆ ಆಯಿತು. ಡಾಕ್ಟರು ಗಾಯದ ಹೊಲಿಗೆ ಬಿಚ್ಚುತ್ತಾ ಹೇಳಿದ್ದು ಅವರಿಗೆ ಬಾಯಿಪಾಠ: "ಇನ್ನೊಂದ್ಸಲ ಇದೇ ಕೈಗೆ ಬಂದ್ರೆ ನನ್ನ ಹತ್ರ ಮದ್ದಿಲ್ಲಮ್ಮ. ಕೈ ಬೇಕಾ, ಕೆಲಸ ಬೇಕಾ, ಮನೇಲಿ ಕೂತು ಯೋಚನೆ ಮಾಡಿ."

ಮನೆಯಲ್ಲಿ ಕೂತು ಯೋಚಿಸಿದರು. ಎರಡೂ ಬೇಕು ಎಂದು ತೀರ್ಮಾನಿಸಿದರು. ಎಡಗೈಗೆ ಮೌಸ್ ಕೊಟ್ಟು, ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟು, ಶಾಲೆಗೆ ಹೊಸದಾಗಿ ಸೇರಿದ ಮಗುವಿನಂತೆ ಗೆರೆ ಎಳೆದರು. ಚೌಕ ಎಳೆದರೆ ಆಲೂಗಡ್ಡೆಯಾಗುತ್ತಿತ್ತು. ಲಿಫ್ಟ್ ರಿಪೇರಿ ಮಾಡುವ ಗಂಡ ಪಕ್ಕದಲ್ಲಿ ಕೂತು, "ಪರವಾಗಿಲ್ಲ, ಆಲೂಗಡ್ಡೆ ಫೋಟೋ ಬಂದಾಗ ನಿನ್ನನ್ನ ಬಿಟ್ರೆ ಯಾರಿಲ್ಲ," ಎಂದು ರೇಗಿಸುತ್ತಿದ್ದರಂತೆ. ಒಂದು ವರ್ಷ ಡಬ್ಬಿ ಮೇಜಿನಲ್ಲಿ ದುಡಿದು, ಎಡಗೈ ಹದಕ್ಕೆ ಬಂದ ಮೇಲೆ ಮತ್ತೆ ಕೂದಲ ಮೇಜಿಗೆ ಮರಳಿದರು. ಆ ಒಂದು ವರ್ಷದ ಬಗ್ಗೆ ಅವರು ಹೆಚ್ಚು ಮಾತಾಡುವುದಿಲ್ಲ. ಗಂಡ ಮಾತಾಡುತ್ತಾರೆ. "ಅತ್ತಿದ್ದನ್ನ ನಾನು ನೋಡಿದ್ದೀನಿ ಸಾರ್. ಬಲಗೈಗೆ ಬ್ಯಾಂಡೇಜು, ಎಡಗೈಲಿ ಮೌಸು. ಕಣ್ಣು ಒರೆಸ್ಕೊಳ್ಳೋಕೆ ಕೈ ಇಲ್ಲ."

ಆ ಎಡಗೈಗೆ ಸಿಕ್ಕ ಜೊತೆಗಾರ ಒಂದು ವೈರ್‌ಲೆಸ್ ಗೇಮಿಂಗ್ ಮೌಸ್. ಆಟವಾಡುವವರಿಗೆಂದು ಮಾಡಿದ್ದು, ಅದರಲ್ಲೂ ಎಡಗೈಯವರಿಗೆಂದೇ ಮಾಡಿದ್ದು. ಅಂಥವು ಅಪರೂಪ. ರಿಪೇರಿ ಅಂಗಡಿಯೊಂದರ ಗಾಜಿನ ಪೆಟ್ಟಿಗೆಯಲ್ಲಿ ಯಾರೂ ಕೇಳದೆ ಧೂಳು ತಿನ್ನುತ್ತಿದ್ದದ್ದು ಇವರ ಪಾಲಿಗೆ ಬಂತು. ಅದರ ಬಲ ಮಗ್ಗುಲಲ್ಲಿ, ಎಡಗೈ ಹೆಬ್ಬೆರಳು ಕೂರುವ ಕಡೆ, ನಾಲ್ಕು ಗುಂಡಿಗಳಿವೆ. ಒಂದಕ್ಕೆ ಚಿತ್ರ ದೊಡ್ಡದಾಗುತ್ತದೆ, ಒಂದಕ್ಕೆ ಚಿಕ್ಕದಾಗುತ್ತದೆ, ಒಂದು ತಪ್ಪಿದ್ದನ್ನು ಹಿಂದಕ್ಕೆ ಪಡೆಯುತ್ತದೆ, ಇನ್ನೊಂದು ಉಳಿಸುತ್ತದೆ. ಕೀಬೋರ್ಡಿಗೆ ಬಲಗೈ ಚಾಚುವ ಗೋಜೇ ಇಲ್ಲ. ವೈರ್ ಇಲ್ಲದ್ದರಿಂದ ಎಳೆದಾಟವೂ ಇಲ್ಲ. ಕಂಪನಿ ಎಲ್ಲರಿಗೂ ಕೊಡುವ ಮೌಸ್‌ಗೆ ಈ ಯಾವ ಸವಲತ್ತೂ ಇಲ್ಲ. ಇಂಥದ್ದೊಂದು ಕೊಡಿಸಿ ಎಂದು ಕೇಳಿದಾಗ ಸೂಪರ್‌ವೈಸರ್ ಹೇಳಿದ್ದಿಷ್ಟು: "ಆಟ ಆಡೋ ಸಾಮಾನೆಲ್ಲ ಕಂಪನಿ ಕೊಡಲ್ಲಮ್ಮ." ಕೋಣೆ ಪೂರ್ತಿ ನಕ್ಕಿತು. ಇವರೂ ನಕ್ಕರು. ನಗದೆ ಏನು ಮಾಡುವುದು?

ಎರಡು ವರ್ಷ ದುಡಿದ ಮೌಸ್ ಮೂರು ತಿಂಗಳ ಹಿಂದೆ ಹಟ ಹಿಡಿಯಿತು. ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದಂತೆ ಟಕಟಕ್ ಎನ್ನುತ್ತದೆ. ಚುಕ್ಕಿಯ ಮೇಲೆ ಚುಕ್ಕಿ ಬೀಳುತ್ತದೆ, ಗೆರೆ ಮುರಿಯುತ್ತದೆ. ಮೊದಲು ಬ್ಯಾಟರಿ ಎಂದುಕೊಂಡು ರಾತ್ರಿಯಿಡೀ ಚಾರ್ಜಿಗೆ ಹಾಕಿದರು. ಕಂಪ್ಯೂಟರಿಗೆ ಚುಚ್ಚುವ ರಿಸೀವರನ್ನು ಹಿಂದಿನಿಂದ ಕಿತ್ತು ಮುಂದೆ ಹಾಕಿದರು. ಮೌಸ್‌ನ ಅಡಿಯಲ್ಲಿ ಬೇರೆ ಹಾಸು ಹಾಸಿದರು, ಊದಿದರು, ಒರೆಸಿದರು, ಬೈದರು. ಬೈದಾಗ ಸ್ವಲ್ಪ ಹೊತ್ತು ಸರಿಹೋಗುತ್ತಿತ್ತಂತೆ. ಕೊನೆಗೆ ಗೊತ್ತಾಯಿತು, ಸವೆದಿರುವುದು ಗುಂಡಿಯ ಕೆಳಗಿನ ಸ್ವಿಚ್ಚು. ನರ ಸವೆದ ಕೈಯನ್ನು ಬಿಟ್ಟು ಬಂದವರಿಗೆ ಸ್ವಿಚ್ ಸವೆದ ಮೌಸ್ ಕಾದಿತ್ತು.

"ಅಂಚು ನೋಡಿದ್ರೆ ಹುಳ ತಿಂದ ಎಲೆ ಥರ ಕಾಣೋದು," ಎನ್ನುತ್ತಾರೆ ಕೂದಲಕ್ಕ. ಒಳಗಿನ ಕೋಣೆಯಲ್ಲಿ ಕೂರುವ ಚೆಕರ್ ಇವರ ಚಿತ್ರಗಳನ್ನು ಕೆಂಪು ಗುರುತು ಹಾಕಿ ವಾಪಸ್ ಕಳಿಸತೊಡಗಿದರು. ಸೂಪರ್‌ವೈಸರ್ ಕುರ್ಚಿ ಎಳೆದುಕೊಂಡು ಬಂದು ಕೂತರು. ಇವರು ಮೌಸ್ ತೋರಿಸಿದರು. ಅವರು ನೋಡಿದ್ದು ಕೈಯನ್ನು.

"ನಾನು ಹೇಳ್ತಾನೇ ಇದ್ದೆ, ಎಡಗೈಗೆ ಅಷ್ಟೇ ತಾಕತ್ತು. ಸೋಮವಾರ ಒಂದು ಟ್ರಯಲ್ ಕೊಡ್ತೀನಿ. ಒಂದು ಕೆಂಪು ಬಂದ್ರೂ ಡಬ್ಬಿ ಮೇಜಿಗೆ ಹೋಗ್ಬಿಡಿ. ನಿಮಗೂ ಆರಾಮು."

ಇದನ್ನು ಹೇಳುವಾಗ ಕೂದಲಕ್ಕನ ದನಿ ಮೊದಲ ಸಲ ಏರುತ್ತದೆ. "ಮೌಸ್ ಕೆಟ್ಟಿದೆ ಅಂದ್ರೆ ಕೈ ಕೆಟ್ಟಿದೆ ಅಂತಾರೆ ಸಾರ್. ಬಲಗೈಯೋರ ಮೌಸ್ ಕೆಟ್ರೆ ಮೌಸೇ ಕೆಟ್ಟಿರುತ್ತೆ. ಒಂದು ವರ್ಷ ಆ ಡಬ್ಬಿಗಳ ಮುಂದೆ ಕೂತು ಈ ಕೈ ಕಲಿಸ್ಕೊಂಡಿದ್ದೀನಿ. ಮತ್ತೆ ಅಲ್ಲಿಗೇ ಹೋಗಿ ಕೂರೋದಾದ್ರೆ ಕಲಿತಿದ್ದು ಯಾಕೆ?"

ರಿಪೇರಿ ಅಂಗಡಿಯವರು ಮೌಸ್ ಬಿಚ್ಚಿ ನೋಡಿ, ಸ್ವಿಚ್ ಬದಲಾಯಿಸಬಹುದು, ಆದರೆ ವಾರ ಬಿಟ್ಟು ಬನ್ನಿ ಎಂದರು. ಹೊಸ ಎಡಗೈ ಮೌಸ್ ಇದೆಯೇ ಎಂದರೆ, "ಎಡಗೈಯೋರು ಎಷ್ಟು ಜನ ಇದ್ದಾರಮ್ಮ, ನಾನು ತಂದು ಯಾರಿಗೆ ಮಾರ್ಲಿ?" ಎಂದರು. ಅವರದ್ದೂ ತಪ್ಪಲ್ಲ. ಹಾಗಾಗಿ ಬುಧವಾರ ಸಂಜೆ ಗಂಡ ಹೆಂಡತಿ ಅಡುಗೆಮನೆಯ ಅದೇ ಮೇಜಿನ ಮುಂದೆ ಫೋನ್ ಹಿಡಿದು ಕೂತರು.

ಒಂದು ಮೌಸ್ ತೀರಾ ಚಿಕ್ಕದು, ಅಂಗೈಯಲ್ಲಿ ಕಳೆದುಹೋಗುತ್ತದೆ. ಒಂದಕ್ಕೆ ಬಾಲದಂಥ ವೈರು. 'ಎರಡೂ ಕೈಗೆ ಒಗ್ಗುತ್ತದೆ' ಎಂದು ಬರೆದುಕೊಂಡ ಇನ್ನೊಂದರ ಗುಂಡಿಗಳೆಲ್ಲ ಒಂದೇ ಮಗ್ಗುಲಲ್ಲಿ, ಬಲಗೈಯವರ ಹೆಬ್ಬೆರಳಿಗೆ. ಎಡಗೈಯವರು ಅದನ್ನು ಕಿರುಬೆರಳಿನಲ್ಲಿ ಒತ್ತಬೇಕೇನೋ. ಕೊಂಡವರು ಬರೆದ ಅಭಿಪ್ರಾಯಗಳನ್ನು ಓದಿದರೆ ಎಲ್ಲರೂ ಹೊಗಳುವುದು ಅದರ ಬಣ್ಣದ ದೀಪಗಳನ್ನು. ಸ್ವಿಚ್ ಎಷ್ಟು ಕಾಲ ಬಾಳುತ್ತದೆ ಎಂದು ಹೇಳುವ ಪುಣ್ಯಾತ್ಮ ಒಬ್ಬನೂ ಇಲ್ಲ. ಅಷ್ಟರಲ್ಲಿ ಒಂದು ಫೋಟೋ ಕಣ್ಣಿಗೆ ಬಿತ್ತು. ಕಪ್ಪು ಮೌಸ್, ಮೂತಿ ಬಲಕ್ಕೆ ತಿರುಗಿದೆ, ಬಲ ಮಗ್ಗುಲಲ್ಲಿ ಸಾಲಾಗಿ ಗುಂಡಿಗಳು. ಎಡಗೈಯದೇ. ಸಂಶಯವಿಲ್ಲ.

"ಎಡಗೈದು ಅಂತ ಎಲ್ಲೂ ಬರ್ದಿಲ್ವಲ್ಲೇ," ಎಂದರಂತೆ ಗಂಡ.

"ಬರೆಯೋದು ಏನ್ರೀ, ಯಾರು ಬೇಕಾದ್ರೂ ಏನ್ ಬೇಕಾದ್ರೂ ಬರೀತಾರೆ. ಫೋಟೋದಲ್ಲಿ ಕಾಣ್ತಿದೆಯಲ್ಲ."

"ದಿನಾ ಫೋಟೋ ತಿದ್ದೋಳು ನೀನೇ, ಫೋಟೋ ನಂಬೋಳೂ ನೀನೇ."

"ನಾವು ಸುತ್ತಲಿನ ಕಸ ತೆಗೀತೀವಿ. ಸಾಮಾನು ಬದಲಾಯಿಸಲ್ಲ," ಎಂದು ಇವರು ಸಿಡುಕಿದರು. ಆ ಮಾತನ್ನು ನನಗೆ ಹೇಳುವಾಗ ಅವರು ತಲೆ ತಗ್ಗಿಸಿದ್ದರು.

ಪೆಟ್ಟಿಗೆ ಬಂದದ್ದು ಶನಿವಾರ ಮಧ್ಯಾಹ್ನ. ಬಿಚ್ಚಿ ಎಡಗೈ ಇಟ್ಟರೆ ಹೆಬ್ಬೆರಳಿಗೆ ನುಣ್ಣನೆಯ ಪ್ಲಾಸ್ಟಿಕ್ಕು. ಗುಂಡಿಗಳೆಲ್ಲ ಆಚೆ ಮಗ್ಗುಲಲ್ಲಿ. ಅಪ್ಪಟ ಬಲಗೈ ಮೌಸ್. ಬೇರೆ ಸಾಮಾನು ಕಳಿಸಿದ್ದಾರೆ ಎಂದು ಗಂಡ ಫೋನ್ ತೆಗೆದು ಜಗಳಕ್ಕೆ ಸಿದ್ಧರಾದರು. ಕೂದಲಕ್ಕ ಆ ಫೋನನ್ನು ಕಸಿದುಕೊಂಡು ಫೋಟೋವನ್ನು ದೊಡ್ಡದು ಮಾಡಿದರು. ಮೌಸ್‌ನ ಬುಡದಲ್ಲಿ ಒಂದು ನೆರಳಿತ್ತು. ತೆಳುವಾಗಿ ಶುರುವಾಗಿ ಹಿಂಬದಿಗೆ ಸ್ವಲ್ಪ ದಟ್ಟವಾಗುವ ನೆರಳು. ಕತ್ತರಿಸಿ ತೆಗೆದ ಸಾಮಾನಿನ ಬುಡಕ್ಕೆ ನೆರಳು ಹಾಕುವವರೂ ಈ ಕೋಣೆಯವರೇ, ಆದರೆ ಬೇರೆ ಯಾರೂ ಅದನ್ನು ಹಾಗೆ ಹಾಕುವುದಿಲ್ಲ. ಸ್ಟುಡಿಯೋದಲ್ಲಿ ಮುಖದ ಗಲ್ಲದ ಕೆಳಗೆ ಹಾಕುತ್ತಿದ್ದ ಅಭ್ಯಾಸ ಅದು, ಇವರ ಕೈಗೆ ಅಂಟಿಕೊಂಡು ಬಂದದ್ದು.

ಮೌಸ್ ಕೊಂಡ ಆ ಜಾಲತಾಣಕ್ಕೂ ಫೋಟೋ ತಿದ್ದಿಕೊಡುವುದು ಈ ಕೋಣೆಯೇ, ಅವರದ್ದು ಒಂದು ನಿಯಮವಿದೆ. ಪುಟ ನೋಡಲು ಒಪ್ಪವಾಗಿರಬೇಕು, ಎಲ್ಲ ಸಾಮಾನೂ ಬಲಕ್ಕೇ ಮುಖ ಮಾಡಿರಬೇಕು. ಬೂಟು ಬಲಕ್ಕೆ, ಕೆಟಲ್ ಬಲಕ್ಕೆ, ಆಟದ ಕಾರು ಬಲಕ್ಕೆ. ಎಡಕ್ಕೆ ಮುಖ ಮಾಡಿದ ಫೋಟೋ ಬಂದರೆ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಬಿಡಬೇಕು, ಒಂದೇ ಗುಂಡಿಯ ಕೆಲಸ. ಉಳಿದ ಮೌಸ್‌ಗಳ ಫೋಟೋ ಮೇಲಿನಿಂದ ನೇರ ತೆಗೆದದ್ದು, ಅವಕ್ಕೆ ತಿರುಗಿಸುವ ಪ್ರಶ್ನೆಯೇ ಇಲ್ಲ. ಇದೊಂದನ್ನು ಯಾರೋ ಪಕ್ಕದಿಂದ ತೆಗೆದಿದ್ದರು. ಮಾರಾಟದ ಭರಾಟೆ ಇದ್ದ ವಾರ, ಕೂದಲ ಮೇಜಿನವರಿಗೂ ಸಿಕ್ಕಿದ್ದೆಲ್ಲ ಹಂಚಿದ್ದರು. ಇನ್ನೂರರಲ್ಲಿ ಒಂದಾಗಿ ಆ ಮೌಸ್ ಇವರ ಎಡಗೈಗೆ ಬಂದಿತ್ತು, ತಿರುಗಿ ಹೋಗಿತ್ತು.

"ತಿರುಗಿಸಿದ ಮೇಲೆ ಮೌಸ್ ಮೇಲಿನ ಕಂಪನಿ ಹೆಸರು ಉಲ್ಟಾ ಆಗುತ್ತಲ್ಲ ಸಾರ್, ಅದನ್ನ ಮಾತ್ರ ಕತ್ತರಿಸಿ ನೇರ ಕೂರಿಸಿದ್ದೆ. ನೀಟಾಗಿ. ಯಾರಿಗೂ ಗೊತ್ತಾಗ್ದಂಗೆ." ಮಣಿಕಟ್ಟಿನ ಪಟ್ಟಿ ಸರಿಮಾಡಿಕೊಂಡು ಮತ್ತೆ ಹೇಳುತ್ತಾರೆ, "ನನಗೇ ಗೊತ್ತಾಗ್ಲಿಲ್ಲ."

ಗಂಡ ಅವತ್ತು ರೇಗಿಸಲಿಲ್ಲ. ಟೀ ಮಾಡಿಕೊಟ್ಟರು.

ಮೌಸ್ ವಾಪಸ್ ತೆಗೆದುಕೊಳ್ಳುವುದಕ್ಕೆ ಜಾಲತಾಣದವರೇನೂ ತಕರಾರು ಮಾಡಲಿಲ್ಲ. ಮುಂದಿನ ವಾರ ಆಳು ಬರುತ್ತಾನೆ, ಪರಿಶೀಲನೆ ಆಗುತ್ತದೆ ಎಂದರು. ಅವರ ವಾರ ಅವರಿಗೆ. ಇವರಿಗಿದ್ದದ್ದು ಒಂದು ಭಾನುವಾರ. ಹಳೆಯ ಮೌಸ್ ಹಿಡಿದು ಹೋದರೆ ಟಕಟಕ್, ಕೆಂಪು ಗುರುತು, ಡಬ್ಬಿ ಮೇಜು. ಕಂಪನಿಯ ಮೌಸ್ ಎಡಗೈಗೆ ಕೊಟ್ಟರೆ ಕೀಬೋರ್ಡಿನತ್ತ ಬಲಗೈ ಓಡಬೇಕು, ಕೊಟ್ಟ ಸಮಯದಲ್ಲಿ ಮುಗಿಯುವುದಿಲ್ಲ. ಉಳಿದ ದಾರಿ ಯಾವುದು ಎಂದು ಓದುಗರಿಗೆ ಈಗಾಗಲೇ ಹೊಳೆದಿರಬೇಕು.

ಸೋಮವಾರ ಕೂದಲಕ್ಕ ಬಲಗೈ ಮಣಿಕಟ್ಟಿಗೆ ಪಟ್ಟಿಯನ್ನು ಬಿಗಿಯಾಗಿ ಸುತ್ತಿ, ಹೊಸ ಮೌಸ್ ಹಿಡಿದು ಕೂತರು. ಟ್ರಯಲ್‌ಗೆ ಕೊಟ್ಟದ್ದು ತುಪ್ಪಳದ ಟೋಪಿ, ಬಣ್ಣ ಹೊಡೆಯುವ ಬ್ರಷ್ಷುಗಳು, ಜಡೆ ಹಾಕಿದ ಗೊಂಬೆ. ಮರೆತ ಕೈ ಒಂದು ಗಂಟೆಯಲ್ಲಿ ಎಲ್ಲ ನೆನಪು ಮಾಡಿಕೊಂಡಿತು. ಮಧ್ಯಾಹ್ನದ ಹೊತ್ತಿಗೆ ಬೆರಳುಗಳು ಬೇರೆಯವರದೇನೋ ಎನ್ನುವಂತಾದವು. ಆದರೂ ಬಿಡಲಿಲ್ಲ. ಸಂಜೆ ಚೆಕರ್ ಕೋಣೆಯಿಂದ ಒಂದೇ ಒಂದು ಕೆಂಪು ಗುರುತೂ ಬರಲಿಲ್ಲ.

ಸೂಪರ್‌ವೈಸರ್ ಬಂದು ಭುಜ ತಟ್ಟಿದರು. "ನೋಡಿದ್ರಾ? ಬಲಗೈ ಅಂದ್ರೆ ಬಲಗೈಯೇ. ಇಷ್ಟು ದಿನ ಸುಮ್ಮನೆ ಹಟ ಮಾಡಿದ್ರಿ."

ಗೆದ್ದವರು ಹೇಗಿರುತ್ತಾರೆ ಎಂದು ನೋಡಬೇಕಿದ್ದರೆ ಅವತ್ತು ಆ ಮನೆಗೆ ಹೋಗಬೇಕಿತ್ತು. ಮೆಟ್ಟಿಲು ಹತ್ತಿ ಬಂದ ಕೂದಲಕ್ಕ ಬೀಗದ ಕೈ ತಿರುಗಿಸಲಾಗದೆ ಬಾಗಿಲ ಮುಂದೆ ಕೂತಿದ್ದರು. ಆಮೇಲೆ ಇದನ್ನು ಕೇಳಿದಾಗ, ಎಡಗೈಯಲ್ಲಾದರೂ ತೆಗೆಯಬಹುದಿತ್ತಲ್ಲ ಎಂದೆ. "ತೆಗೀಬಹುದಿತ್ತು ಸಾರ್. ಆದ್ರೆ ಆ ಕೈಗೆ ಮುಖ ತೋರಿಸೋಕೆ ಆಗ್ಲಿಲ್ಲ." ಗಂಡ ಬಂದು ಬಾಗಿಲು ತೆಗೆದರು. ಊದಿದ ಬಲಗೈಯನ್ನು ಡಾಕ್ಟರಿಗೆ ತೋರಿಸಿದರೆ ಬೈಗುಳದ ಸುರಿಮಳೆ. ಬೆರಳ ತುದಿಗಳ ಜೋಮು ಈವತ್ತಿಗೂ ಇಳಿದಿಲ್ಲ. ಇಳಿಯುತ್ತದೆಯೇ ಎಂದು ಕೇಳಿದರೆ ಡಾಕ್ಟರು ಮಾತು ಬದಲಿಸುತ್ತಾರಂತೆ.

ಹಳೆಯ ಮೌಸ್ ಈಗ ನೆಟ್ಟಗಾಗಿದೆ. ರಿಪೇರಿಯವರು ಹೊಸ ಸ್ವಿಚ್ ಸಿಗದೆ, 'ಉಳಿಸು' ಎಂಬ ಮಗ್ಗುಲ ಗುಂಡಿಯ ಸ್ವಿಚ್ಚನ್ನೇ ಕಿತ್ತು ಮೇಲಿನ ಕೆಟ್ಟ ಗುಂಡಿಗೆ ಬೆಸುಗೆ ಹಾಕಿಕೊಟ್ಟರು. ನಾಲ್ಕು ಗುಂಡಿಗಳಲ್ಲಿ ಒಂದು ಈಗ ಬರೀ ತೋರಿಕೆಗೆ. ಎಡಗೈ ಮತ್ತೆ ಕೂದಲು ಬಿಡಿಸುತ್ತಿದೆ, ಕೆಂಪು ಗುರುತು ಬಂದಿಲ್ಲ. ಆದರೂ ಸೂಪರ್‌ವೈಸರ್ ಹಾದುಹೋಗುವಾಗಲೆಲ್ಲ, "ಯಾವಾಗ ಬಲಗೈಗೆ ಬರ್ತೀರಮ್ಮ?" ಎಂದು ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ. ಅದೇ ನನಗೆ ಹೆಚ್ಚು ಸಿಟ್ಟು ತರಿಸುವುದು.

ಆ ಫೋಟೋ? ಸರಿಪಡಿಸಿ ಎಂದು ಇವರು ಸೂಪರ್‌ವೈಸರ್ ಬಳಿ ಹೋಗಿ ಕೇಳಿದರು. ಬೇರೆ ಯಾರೂ ದೂರು ಕೊಟ್ಟಿಲ್ಲ, ನಿಯಮ ನಿಯಮವೇ ಎಂಬ ಉತ್ತರ ಬಂತು. ಇದನ್ನು ಬರೆಯಲು ಕೂರುವ ಮುಂಚೆ ನಾನು ನೋಡಿದೆ. ಮೂತಿ ಬಲಕ್ಕೆ ತಿರುಗಿಸಿಕೊಂಡು ಮೌಸ್ ಅಲ್ಲೇ ಕೂತಿದೆ. ಎಡಗೈಯವರು ಯಾರಾದರೂ ಕೊಳ್ಳುವ ಮುನ್ನ ದಯವಿಟ್ಟು ಇದನ್ನು ಓದಿರಲಿ.

ಹೋದ ವಾರ ಮೇಜಿಗೆ ಮಣಿಕಟ್ಟಿನ ಪಟ್ಟಿಗಳ ಫೋಟೋಗಳು ಬಂದವು. ನೋವಿರುವವರು ಕಟ್ಟಿಕೊಳ್ಳುವ, ಒಂದೊಂದು ಕೈಗೆ ಒಂದೊಂದು ಥರ ಇರುವ ಪಟ್ಟಿ. ಅದರಲ್ಲೊಂದು ಬಲಗೈಯದು, ಹೆಬ್ಬೆರಳು ಎಡಕ್ಕಿತ್ತು. ನಿಯಮದಂತೆ ತಿರುಗಿಸಿದರೆ ಅದು ಎಡಗೈಯದಾಗುತ್ತದೆ. ಕೂದಲಕ್ಕ ತಿರುಗಿಸದೆ ಕಳಿಸಿದರು. ಕೆಂಪು ಗುರುತು ಬಿದ್ದು ವಾಪಸ್ ಬಂತು. ಇವರು ಹಾಗೇ ಮತ್ತೆ ಕಳಿಸಿದರು. ಮತ್ತೆ ಬಂತು. ಮೂರನೇ ಸಲ ಅದು ಇವರ ಬಳಿ ಬರಲೇ ಇಲ್ಲ, ಪಕ್ಕದ ಕುರ್ಚಿಯ ಹುಡುಗಿಗೆ ಹೋಯಿತು. ಆಕೆ ಒಮ್ಮೆ ಇವರತ್ತ ನೋಡಿ, ಗುಂಡಿ ಒತ್ತಿದಳು.

"ಅವಳನ್ನ ಏನೂ ಅನ್ನಲ್ಲ ಸಾರ್, ಅವಳಿಗೂ ಕೆಲಸ ಬೇಕಲ್ಲ," ಎನ್ನುತ್ತಾರೆ. "ಆದ್ರೆ ಇನ್ಮೇಲೆ ಅದು ನನ್ನಿಂದ ಆಗಲ್ಲ."

ಕೊನೆಯ ದಿನ ನಮ್ಮ ಫೋಟೋಗ್ರಾಫರ್ ಬಂದು, ಕೂದಲಕ್ಕ ಕೆಲಸ ಮಾಡುತ್ತಿರುವ ಚಿತ್ರ ತೆಗೆದರು. ಈ ಅಂಕಣದ ವಾಡಿಕೆಯಂತೆ ನಾನು ಕೇಳಿದೆ, ನಿಮ್ಮದೊಂದು ಆಸೆ ಹೇಳಿ. ಒಳ್ಳೆಯ ಕುರ್ಚಿ, ಹೊಸ ಮೌಸ್, ಕೈಗೆ ಬಿಡುವು, ಏನಾದರೂ ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಕ್ಯಾಮೆರಾದತ್ತ ನೋಡಿದರು.

"ಇದು ಪೇಪರ್‌ನಲ್ಲಿ ಬರುತ್ತಾ?"

ಬರುತ್ತದೆ ಎಂದೆ.

"ಹಂಗಾದ್ರೆ ತಿರುಗಿಸ್ಬೇಡಿ ಅಂತ ಹೇಳಿ ಸಾರ್. ನಾನು ಎಡಗೈಲಿ ಮಾಡ್ತೀನಿ. ಅದು ಕಾಣ್ಲಿ."

ಹೇಳಿದ್ದೇನೆ. ಪುಟ ಜೋಡಿಸುವವರು ತಲೆ ಕೆರೆದುಕೊಂಡಿದ್ದಾರೆ. ಚಿತ್ರದಲ್ಲಿನ ಮುಖ ಯಾವಾಗಲೂ ಪುಟದ ಒಳಕ್ಕೆ ನೋಡುತ್ತಿರಬೇಕಂತೆ, ಇವರದು ಹೊರಕ್ಕೆ ನೋಡುತ್ತಿದೆಯಂತೆ, ಅದು ಅವರ ನಿಯಮವಂತೆ. ಇನ್ನೊಂದು ಸುತ್ತು ಜಗಳವಾಡಲು ಹೊರಟಿದ್ದೇನೆ. ಪಕ್ಕದ ಚಿತ್ರದಲ್ಲಿ ಮೌಸ್ ಬಲಗೈಯಲ್ಲಿ ಕಂಡರೆ, ನಾನು ಸೋತೆ ಎಂದು ತಿಳಿಯಿರಿ. ಕೂದಲಕ್ಕ ಕೆಲಸ ಮಾಡುವುದು ಎಡಗೈಯಲ್ಲಿ.